ತಲೆಬಿಸಿಗೆ ಭಾವ ಹೇಳಿದ ಮದ್ದು

ಸಿಗರೇಟು ಸೇದುವವರಿಗಿರುವಷ್ಟು ತಲೆಬಿಸಿ ಲೋಕದಲ್ಲಿ ಇನ್ನಾರಿಗೂ ಇಲ್ಲ. ನಂಬಿಕೆ ಬಾರದಿದ್ದರೆ ಅವರನ್ನೇ ಕೇಳಿ. ನಾನು ಕುಂದಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ದಿನವಿಡೀ ಹಸಿ ಹಂಚು ಹೊರುವ ಹೆಂಗಸರಿಗೆ ಇಲ್ಲದ ತಲೆಬಿಸಿ ಕುರ್ಚಿಯಲ್ಲಿ ಕೂತ ನನಗೆ. ಹಂಚು ಒಡೆದರೆ ಒಂದು ಸಿಗರೇಟು, ಒಡೆಯದಿದ್ದರೆ ಆ ಸಂತೋಷಕ್ಕೆ ಇನ್ನೊಂದು. ನನ್ನ ಕೆಮ್ಮಿಗೆ ಮನೆಯವರ ನಿದ್ದೆ ಕೆಟ್ಟ ಮೇಲೆ ಹೆಂಡತಿ ನನ್ನನ್ನು ಕುಂಭಾಶಿಗೆ ಕರೆದೊಯ್ದು ಆನೆಗುಡ್ಡೆ ವಿನಾಯಕನ ಎದುರು ನಿಲ್ಲಿಸಿದಳು. ನಲವತ್ತೆಂಟು ದಿನ ಸಿಗರೇಟು ಮುಟ್ಟುವುದಿಲ್ಲ ಎಂದು ಹೇಳಿಸಿದಳು. ನನ್ನ ಮಾತಿನ ತೂಕ ಅವಳಿಗೆ ಗೊತ್ತಿತ್ತು. ಅದಕ್ಕೇ ತನ್ನದೂ ಒಂದು ಹರಕೆ ಹೊತ್ತಳು: ಆ ದಿನಗಳು ತುಂಬುವವರೆಗೆ ತಾನು ಕಾಫಿ ಕುಡಿಯುವುದಿಲ್ಲ, ನಡುವೆ ನಾನು ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ.

ಅವಳ ಕಾಫಿಯ ಹುಚ್ಚು ನನ್ನ ಸಿಗರೇಟಿಗಿಂತ ಒಂದು ಕೈ ಮೇಲು. ಮೊದಲ ವಾರ ಹಣೆಗೆ ಬಟ್ಟೆ ಬಿಗಿದುಕೊಂಡೇ ಓಡಾಡಿದಳು. ಆದರೂ ಬೆಳಿಗ್ಗೆ ನನಗೆ ಕಾಫಿ ಮಾಡಿಕೊಟ್ಟು, ತನ್ನ ಖಾಲಿ ಲೋಟಕ್ಕೆ ದಿನಕ್ಕೊಂದು ಹುಣಸೆ ಬೀಜ ಹಾಕುತ್ತಿದ್ದಳು. ಮೂವತ್ತೊಂದು ಬೀಜ ಆದ ಭಾನುವಾರ ಹಾಲಾಡಿಯಿಂದ ಅವಳಣ್ಣ ಬಂದರು. ಈ ಭಾವನವರು ಎಲ್ಲ ರೋಗಕ್ಕೂ ಮದ್ದು ಬಲ್ಲವರು. ಅವರ ಮದ್ದಿನಿಂದ ಗುಣವಾದ ಎಮ್ಮೆಯನ್ನು ಕೂಡ ನಾನು ಕಂಡಿಲ್ಲ. ಪಾನನಿರೋಧ ಹೋಗಿ ಶೇಂದಿ ಅಂಗಡಿಗಳು ಮತ್ತೆ ರಾಜಾರೋಷವಾಗಿ ಬಾಗಿಲು ತೆರೆದಿದ್ದ ಕಾಲ ಅದು. ನನ್ನ ಜೋಲು ಮುಖ ನೋಡಿ ಅವರು ತೀರ್ಪು ಕೊಟ್ಟರು.

"ಭಾವ, ಸಿಗರೇಟ್ ಎಳುದ್ ಎಂತಕ್ಕೆ? ತಲಿಬಿಸಿಗೆ. ಎರಡ್ ಗ್ಲಾಸ್ ಶೇಂದಿ ಕುಡ್ದ್ರೆ ತಲಿಬಿಸಿ ಹೋತ್ತ್. ಅದ್ ಹೋದ್ಮೇಲೆ ಸಿಗರೇಟ್ ಯಾರಿಗ್ ಬೇಕ್?"

ಇಂಥ ತರ್ಕಕ್ಕೆ ತಲೆದೂಗಲು ನನ್ನಂಥ ಮೂರ್ಖನೇ ಬೇಕು. ಆ ಭಾನುವಾರ ಮಧ್ಯಾಹ್ನ ತಲ್ಲೂರಿನ ಅಂಗಡಿಯಲ್ಲಿ ಕೂತೆವು. ಮೊದಲ ಗ್ಲಾಸಿಗೆ ತಲೆಬಿಸಿ ಇಳಿದದ್ದು ನಿಜ. ಅದರ ಬೆನ್ನಿಗೇ ಬುದ್ಧಿಯೂ ಇಳಿಯಿತು. ಒಂದು ತಿಂಗಳು ಸುಮ್ಮನಿದ್ದ ಕೈ ತಾನಾಗಿ ಜೇಬು ತಡಕಿತು. ಎರಡನೆಯ ಗ್ಲಾಸಿಗೆ, ದೇವರು ದೊಡ್ಡವನು, ಒಂದು ಸಿಗರೇಟಿಗೆಲ್ಲ ಮುನಿಯುವವನಲ್ಲ ಎಂಬ ಜ್ಞಾನೋದಯವಾಯಿತು. ಹೆಂಡತಿಯ ಲೋಟ ಮಾತ್ರ ನೆನಪಾಗಲಿಲ್ಲ. ಒಂದರ ಬೆಂಕಿಯಲ್ಲಿ ಇನ್ನೊಂದು ಹಚ್ಚುತ್ತ ನಾಲ್ಕು ಮುಗಿಸಿದೆ. ಮದ್ದು ಹೇಳಿದ ವೈದ್ಯರೇ ಪ್ಯಾಕೆಟ್ಟು ಮುಂದೆ ಹಿಡಿದು ಕಡ್ಡಿ ಗೀರಿದರು.

ಮನೆಗೆ ಬರುವ ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಕುಡಿತ ನಮ್ಮ ಮನೆಯಲ್ಲಿ ಸಿಗರೇಟಿಗಿಂತ ದೊಡ್ಡ ಅಪರಾಧ. ದೊಡ್ಡದನ್ನು ನಾನೇ ಒಪ್ಪಿಕೊಂಡರೆ ಚಿಕ್ಕದನ್ನು ಯಾರು ಕೇಳುತ್ತಾರೆ? ಅಂಗಳದಲ್ಲೇ ತಲೆ ತಗ್ಗಿಸಿ, ಶೇಂದಿ ಕುಡಿದೆ, ತಪ್ಪಾಯಿತು ಎಂದೆ. ಹೆಂಡತಿ ಬೈಯಲಿಲ್ಲ. ಹತ್ತಿರ ಬಂದು ನಿಂತಳು.

"ಶೇಂದಿ ಸುದ್ದಿ ಆಮೇಲೆ. ಸಿಗರೇಟ್ ಎಳ್ದಿರಾ? ಇಲ್ಲ ಅಂತ ಹೇಳಿ, ನಾನ್ ನಂಬ್ತೆ."

ಇಲ್ಲ ಎನ್ನಲು ಬಾಯಿ ತೆರೆದೆ. ಕೆಮ್ಮು ಬಂತು.

ಅವಳು ಒಳಗೆ ಹೋಗಿ ಲೋಟ ಬೋರಲು ಹಾಕಿದಳು. ಇನ್ನು ಹದಿನೇಳೇ ದಿನ ಉಳಿದಿದ್ದದ್ದು ಮತ್ತೆ ನಲವತ್ತೆಂಟಾಯಿತು. ಮರುದಿನ ಬೆಳಿಗ್ಗೆ ತನ್ನ ಲೋಟಕ್ಕೆ ಒಂದು ಬೀಜ ಹಾಕಿ, ನನಗೆ ಕಾಫಿ ತಂದಳು. ಇಡುವ ಮೊದಲು ಒಂದು ಕ್ಷಣ ಅದರ ಹಬೆಗೆ ಮುಖ ಒಡ್ಡಿದಳು. ನನಗೆ ಬಹಳ ನಾಚಿಕೆಯಾಯಿತು. ಆದರೆ ಕಾಫಿ ಒಳ್ಳೆಯ ಬಿಸಿಯಿತ್ತು; ಒಂದು ತೊಟ್ಟೂ ಉಳಿಸದೆ ಕುಡಿದೆ.