ಡಬ್ಬಿಯಿಲ್ಲದ ಲೀಚಿ

ಲೀಚಿ ಹಣ್ಣೊಂದರ ತೊಟ್ಟಿನ ಬಳಿ ಕಡಲೆಕಾಳಿನಷ್ಟು ತೇವವಿತ್ತು. ಅದನ್ನು ನಾನೊಬ್ಬಳೇ ನೋಡಿದೆ. ನೋಡದವಳಂತೆ ಮೇಲೆ ಎಲೆ ಮುಚ್ಚಿದೆ. ನನ್ನ ಸ್ವಭಾವವೇ ಹೀಗೆ. ಸಂದೇಹ ಬಂದರೆ ಬಾಯಿ ಬಿಡುವುದಿಲ್ಲ, ನಿದ್ದೆ ಬಿಡುತ್ತೇನೆ.

ಬುಟ್ಟಿ ಬಂದದ್ದು ಡೆಹರಾಡೂನಿನಿಂದ. ಧಾರವಾಡದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಗಂಗಾಬಾಯಿ ಕಾಕೂ ಅವರ ಮಗ ಅಲ್ಲಿ ಮಿಲಿಟರಿಯಲ್ಲಿದ್ದಾನೆ. ರಜೆಯ ಮೇಲೆ ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಕಳಿಸಿದ್ದ. ಮರುದಿನ ಹುಬ್ಬಳ್ಳಿಯಿಂದ ಕಾಕೂ ಅವರ ಬೀಗತಿ, ಅಂದರೆ ಮಗಳ ಅತ್ತೆ, ಊಟಕ್ಕೆ ಬರುವವರಿದ್ದರು. ‘ನಿಮ್ಮ ಮಗಾ ಮಿಲಿಟರಿಗೆ ಹೋದಮ್ಯಾಲ ಮನೀನ ಮರತಾನ’ ಎಂದು ಆಕೆ ಹಿಂದೆ ನಾಲ್ಕು ಜನರ ಮುಂದೆ ಅಂದಿದ್ದರು. ಆ ಮಾತಿಗೆ ಉತ್ತರವಾಗಿ ಕಾಕೂ ಬಡಿಸಬೇಕೆಂದಿದ್ದುದು ಈ ಲೀಚಿ.

ಕಷ್ಟವೇನೆಂದರೆ, ನಮಗೆಲ್ಲ ಗೊತ್ತಿದ್ದ ಲೀಚಿ ಹೋದ ವರ್ಷ ಅದೇ ಮಗ ತಂದಿದ್ದ ಡಬ್ಬಿಯದು: ಬೆಳ್ಳಗೆ, ಬೀಜವಿಲ್ಲದೆ, ಸಕ್ಕರೆ ಪಾಕದಲ್ಲಿ ತೇಲುವಂಥದು. ಬೀಗತಿಯ ಮನೆಗೂ ಒಂದು ಬಟ್ಟಲು ಹೋಗಿತ್ತು. ಇವೋ, ರೈಲಿನ ಸೆಕೆಯಲ್ಲಿ ಕುದ್ದು, ಒರಟು ಸಿಪ್ಪೆ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು.

‘ಹುಡುಗಗ ಯಾರೋ ಮೋಸ ಮಾಡ್ಯಾರ. ಅಕ್ಕಾರ, ನೀವು ಗಿಡಾ ಮರಾ ಓದಿದವರು. ಛಲೋ ಅವ ಏನು, ಹೇಳ್ರಿ’ ಎಂದರು ಕಾಕೂ.

ತಿಂದು ಹೇಳೋಣವೆಂದರೆ ನೈವೇದ್ಯವಾಗಿಲ್ಲ. ದೇವರಿಗಿಂತ ಮೊದಲು ರುಚಿ ನೋಡುವಂತಿಲ್ಲ. ಲೀಚಿಯಲ್ಲಿ ತಿನ್ನುವ ಭಾಗ ಬೀಜದ ಹೊದಿಕೆಯೆಂದು ಕಾಲೇಜಿನಲ್ಲಿ ಚಿತ್ರ ಬರೆದು ಕಲಿಸುತ್ತೇನೆ, ನಿಜ. ತಾಜಾ ಹಣ್ಣನ್ನು ಕಂಡದ್ದು ಮಾತ್ರ ಅಂದೇ. ಸಿಪ್ಪೆ ಕಂದಿದ ಮಾತ್ರಕ್ಕೆ ಒಳಗೆ ಕೆಟ್ಟಿರುವುದಿಲ್ಲ ಎಂದುಬಿಟ್ಟೆ. ಕಾಕೂ ನಿಶ್ಚಿಂತೆಯಿಂದ ಮಲಗಿದರು. ಅವರ ಚಿಂತೆ ನನಗೆ ಬಂತು. ಕಣ್ಣು ಮುಚ್ಚಿದರೆ ಸಾಕು, ಬೀಗತಿ ಹೊಟ್ಟೆ ಹಿಡಿದುಕೊಂಡು ನನ್ನ ಡಿಗ್ರಿ ಯಾವುದೆಂದು ವಿಚಾರಿಸುತ್ತಿದ್ದರು.

ಬೆಳಿಗ್ಗೆ ನೈವೇದ್ಯವಾದ ಕೂಡಲೇ ಆ ತೇವದ ಹಣ್ಣನ್ನೇ ಆರಿಸಿಕೊಂಡೆ. ಸಿಪ್ಪೆ ಚಿಟ್ಟೆಂದು ಒಡೆಯಿತು. ಗುಲಾಬಿಯ ಪರಿಮಳ, ತುಸು ಹುಳಿ, ಹಲ್ಲಿಗೆ ಬಿಗಿ. ನಡುವೆ ನುಣ್ಣನೆಯ ಕಂದು ಬೀಜ. ಕೆಟ್ಟಿರಲಿಲ್ಲ. ಕಾಕೂ ಕೂಡ ಒಂದು ತಿಂದರು.

‘ಛಲೋ ಅವ, ಖರೆ. ಆದ್ರ ಡಬ್ಬ್ಯಾಗಿನ ಹಣ್ಣಿನಂಗ ಇಲ್ಲಲ್ರಿ. ಸೋವಿ ರೊಕ್ಕದ್ದು ನೋಡಿ ಕಳಿಸ್ಯಾನ ಅಂತಾರ ಬೀಗತಿ.’

ನಿಜವಾದ ಹಣ್ಣಿನ ರುಚಿಯೇ ಹೀಗೆಂದು ವಿವರಿಸಬಹುದಿತ್ತು. ಅರ್ಧ ಪಾಠ ಬಾಯಿಗೂ ಬಂದಿತ್ತು. ಆದರೆ ನನ್ನ ನಾಲಿಗೆಯೂ ಆ ಪಾಕವನ್ನೇ ಹುಡುಕುತ್ತಿತ್ತು. ಸೆರಗು ಸಿಕ್ಕಿಸಿ, ಒಲೆಯ ಮೇಲೆ ಸಕ್ಕರೆ ಪಾಕಕ್ಕಿಟ್ಟು, ಒಂದೊಂದೇ ಹಣ್ಣು ಸುಲಿದು ಬೀಜ ತೆಗೆಯುತ್ತ ಕೂತೆ.