ಸ್ಕೋಟರಿಗೆ ಕೊಂಬು ಬಂದದ್ದು

ನನಗಾದ ಅನ್ಯಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಸಂಕ್ರಾಂತಿ ಕೂಟದಲ್ಲಿ, ಎಳ್ಳುಬೆಲ್ಲದ ತಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿದ್ದಾಗ, ಒಂದು ಬಾತುಕೋಳಿ ನನ್ನ ಮಾನ ಕಳೆಯಿತು. ಅದನ್ನು ಅಲ್ಲಿಗೆ ಕರೆತಂದವಳು ನನ್ನ ಹೆಂಡತಿಯ ತಂಗಿ.

ಈ ನಾದಿನಿಯಷ್ಟು ಓದಿದವರು ನಮ್ಮ ಎರಡೂ ಕಡೆಯ ಬಳಗದಲ್ಲಿ ಇಲ್ಲ; ಇವಳಷ್ಟು ವಾಸನೆ ಬರುವವರೂ ಇಲ್ಲ. ಬರ್ಕ್ಲಿಯಲ್ಲಿ ಸಂಶೋಧನೆ ಮಾಡುತ್ತ ಒಬ್ಬಳೇ ಇದ್ದು, ಭಾನುವಾರಗಳಲ್ಲಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದಳು. ಮೊಣಕಾಲು ಮುಟ್ಟುವ ರಬ್ಬರ್ ಬೂಟು, ಕೆಸರು ಮೆತ್ತಿದ ಜಾಕೆಟ್ಟು, ಮೀನಿನಂಗಡಿ ಮುಚ್ಚುವ ಹೊತ್ತಿನ ಪರಿಮಳ. ಅಕ್ಕಪಕ್ಕದವರು ಕಂಡಾರೆಂದು ನನ್ನ ಹೆಂಡತಿ ಬಾಗಿಲಲ್ಲೇ ಟವೆಲು ಹಿಡಿದು ನಿಂತಿರುತ್ತಿದ್ದಳು. ಒಮ್ಮೆ ತೆಂಗಿನತುರಿ ಎಂದು ನಾನು ಫ್ರೀಜರಿನಿಂದ ತೆಗೆದು ಬಿಚ್ಚಿದ ಪೊಟ್ಟಣದಿಂದ ಒಂದು ಕೊಕ್ಕು ಹೊರಬಂತು.

"ಏನಮ್ಮ ಇದು?"

"ಕೊಲ್ಲಿ ದಂಡೆ ಮೇಲೆ ಸತ್ತು ಬಿದ್ದಿತ್ತು ಭಾವ. ನಿಮ್ಮ ಫ್ರೀಜರು ದೊಡ್ಡದಲ್ವಾ, ಇಟ್ಟೆ."

"ಅಲ್ಲಿದ್ದ ತುರಿ ಎಲ್ಲಿ?"

"ಅದ್ರ ಪಕ್ಕದಲ್ಲೇ ಇತ್ತು. ಅಕ್ಕ ಚಟ್ನಿ ಮಾಡಿದ್ಳಲ್ಲ, ಈಗ ತಾನೇ ತಿಂದ್ರಿ."

ಆ ಚಟ್ನಿ ಇಂದಿಗೂ ನನ್ನ ಗಂಟಲಲ್ಲಿದೆ.

ಆದರೂ ಸಹಿಸಿದೆ. ಹಕ್ಕಿಗಳು ಅವಳ ಹವ್ಯಾಸ, ಸಂಶೋಧನೆಯ ವಿಷಯ ಬೇರೆ, ಅದು ಘನವಾದದ್ದು ಎಂದು ನಂಬಿದ್ದೆ. ಕೇಳಿದಾಗಲೆಲ್ಲ "ಸ್ಕೋಟರ್ ಮೇಲೆ ಕೆಲಸ ಭಾವ" ಎನ್ನುತ್ತಿದ್ದಳು. ಸ್ಕೂಟರನ್ನು ಅಮೆರಿಕದಲ್ಲಿ ಹಾಗೆ ಉಚ್ಚರಿಸುತ್ತಾರೆಂದು ತಿಳಿದೆ. ಪ್ರಾಣಿಶಾಸ್ತ್ರ ಓದಿದವಳು ಸ್ಕೂಟರಿಗೆ ಹೇಗೆ ಬಂದಳು ಎಂದು ನೀವು ಕೇಳಬಹುದು. ಅದು ಡಾಟ್‌ಕಾಮ್ ಕಾಲ, ಸ್ವಾಮಿ. ನಮ್ಮ ಎದುರುಮನೆಯಲ್ಲಿ ಭೂವಿಜ್ಞಾನ ಓದಿದವನೊಬ್ಬ ನಾಯಿಗಳ ಹುಟ್ಟುಹಬ್ಬಕ್ಕೆ ಕೇಕು ಕಳಿಸುವ ವೆಬ್‌ಸೈಟು ನಡೆಸುತ್ತಿದ್ದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೀಸೆ ಬಂದವರೇ ಮಕ್ಕಳ ಸ್ಕೂಟರ್ ತಳ್ಳಿಕೊಂಡು ಆಫೀಸಿಗೆ ಹೋಗುತ್ತಿದ್ದರು. ನನಗೆ ಅನುಮಾನ ಬರಲು ಆಸ್ಪದವಾದರೂ ಎಲ್ಲಿತ್ತು?

ನಮ್ಮ ಸಂಭಾಷಣೆಗಳೂ ಹೀಗೇ ಸಾಗುತ್ತಿದ್ದವು.

"ಇವತ್ತು ಒಂದು ಸ್ಕೋಟರ್ ಸಿಕ್ತು. ಒಳಗೆ ರೇಡಿಯೋ ಕೂರಿಸಿ ನೀರಿಗೆ ಬಿಟ್ವಿ."

"ನೀರಿಗಾ? ಕೆಡೋಲ್ವೇ?"

"ಅದು ಇರೋದೇ ನೀರಲ್ಲಿ ಭಾವ."

"ಎಷ್ಟು ದೂರ ಹೋಗುತ್ತೆ?"

"ಬೇಸಿಗೇಲಿ ಕೆನಡಾದ ಉತ್ತರದವರೆಗೂ."

"ಮಧ್ಯೆ ಏನಾದ್ರೂ ಹಾಕ್ಬೇಕಾ?"

"ಏನೂ ಬೇಡ. ದಾರೀಲಿ ಸಿಕ್ಕಿದ್ದರಲ್ಲೇ ಹೋಗತ್ತೆ."

ಇಂಥ ವಾಹನದ ವಿಷಯ ಕೇಳಿ ಸುಮ್ಮನಿರುವುದು ಹೇಗೆ? ಮನೆಗೆ ಬಂದವರಿಗೆಲ್ಲ ಹೇಳಿದೆ; ನಮ್ಮ ಕನ್ನಡ ಕೂಟದ ಅಧ್ಯಕ್ಷರಿಗೂ ಫೋನು ಮಾಡಿದೆ. ಅವರು ಹಾಸನದ ಕಡೆಯವರು, ಸ್ವಂತ ಸ್ಟಾರ್ಟಪ್ಪು ಇಟ್ಟವರು. "ಏನ್ ಸಾರ್, ಇಂಥೋರನ್ನ ಮನೇಲಿಟ್ಕೊಂಡು ಸುಮ್ನಿದ್ದೀರಲ್ಲ. ಸಂಕ್ರಾಂತಿಗೆ ಒಂದು ಟಾಕು ಕೊಡ್ಸಿ. ನಾನು ಇನ್ವೆಸ್ಟರುಗಳನ್ನೂ ಕರೀತೀನಿ" ಎಂದರು.

ಕೂಟದ ಆಮಂತ್ರಣದ ಕರಡು ತಿದ್ದುವ ಹೊಣೆ ಮೊದಲಿನಿಂದಲೂ ನನ್ನದು. ಅವಳು ಬರೆದು ಕಳಿಸಿದ ಶೀರ್ಷಿಕೆ 'ನಮ್ಮ ಕೊಲ್ಲಿಯ ಸ್ಕೋಟರುಗಳು' ಎಂದಿತ್ತು. ಪರದೇಶದಲ್ಲಿ ಇಷ್ಟು ವರ್ಷ ಇದ್ದು ಹುಡುಗಿಯ ಕಾಗುಣಿತವೇ ಹಾಳಾಯಿತಲ್ಲ ಎಂದು ಮರುಗಿ, ಓತ್ವ ತೆಗೆದು ಕೊಂಬಿನ ಇಳಿ ಕೊಟ್ಟೆ. 'ನಮ್ಮ ಕೊಲ್ಲಿಯ ಸ್ಕೂಟರುಗಳು' ಎಂದು ಅಚ್ಚಾಯಿತು.

ಸಭಾಂಗಣ ತುಂಬಿತು. ಲೈಟು ಆರಿಸಿದರು. ಪರದೆಯ ಮೇಲೆ ಒಂದು ಕಪ್ಪು ಬಾತುಕೋಳಿ ಮೂಡಿತು: ಕಿತ್ತಳೆ ಬಣ್ಣದ ದಪ್ಪ ಕೊಕ್ಕು, ಹಿಂದಲೆಯಲ್ಲಿ ಬಿಳಿ ಮಚ್ಚೆ, ತನ್ನನ್ನು ತಪ್ಪು ವಿಳಾಸಕ್ಕೆ ಕರೆಸಿದ್ದಾರೆ ಎಂಬ ಮುಖಭಾವ.

"ಇದೇ ಸ್ಕೋಟರ್. ಸಮುದ್ರದ ಬಾತುಕೋಳಿ" ಎಂದಳು ನಾದಿನಿ.

ಹಿಂದಿನ ಸಾಲಿನಿಂದ ಉಡುಪಿಯ ಹಿರಿಯರೊಬ್ಬರ ದನಿ ಕೇಳಿತು: "ಹೌದಾ ಮಾರಾಯ್ರೆ, ಇದಕ್ಕೆ ಕಿಕ್ ಎಲ್ಲಿ ಹೊಡೆಯುವುದು?"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ನನ್ನತ್ತ ತಿರುಗಿ, "ಸಾರ್, ಪ್ರೂಫು ನೋಡಿದ್ದು ನೀವೇ ಅಲ್ವಾ?" ಎಂದರು. ಅವರು ಪಿಸುಗುಟ್ಟಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ನನಗೆ ಎಳ್ಳುಬೆಲ್ಲದ ತಟ್ಟೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಯಾರೋ ಬಿಸಿಬೇಳೆಭಾತು ಬಂತು ಎಂದರು. ಕುರ್ಚಿಗಳು ಸರಿದವು. ಮೊದಲು ಎದ್ದವರು ಇನ್ವೆಸ್ಟರುಗಳು, ಅವರ ಬೆನ್ನಿಗೇ ಅಧ್ಯಕ್ಷರು, ಆಮೇಲೆ ಉಳಿದವರೆಲ್ಲ. ಕಿಕ್ಕಿನ ಹಿರಿಯರು ಕೊನೆಯಲ್ಲಿ.

ಅವಳು ಮಾತು ನಿಲ್ಲಿಸಲಿಲ್ಲ. ಈ ಹಕ್ಕಿಗಳು ಚಳಿಗಾಲಕ್ಕೆ ಮರಳಿ ಇದೇ ಕೊಲ್ಲಿಗೆ ಬರುತ್ತವೆ, ಈಚೆಗೆ ಕಡಿಮೆಯಾಗುತ್ತಿವೆ, ಕೆಸರಿನ ಚಿಪ್ಪಿಗಳನ್ನು ತಿಂದು ಇವುಗಳ ಮೈಗೆ ವಿಷ ಸೇರುತ್ತಿದೆಯೇ ಎಂದು ತಾನು ನೋಡುತ್ತಿದ್ದೇನೆ ಎಂದಳು. ನನಗೂ, ತನ್ನ ಅಕ್ಕನಿಗೂ, ಖಾಲಿ ಕುರ್ಚಿಗಳಿಗೂ ಒಂದೇ ಗೌರವದಿಂದ ವಿವರಿಸಿದಳು.

ಅವಳನ್ನು ಬರ್ಕ್ಲಿಗೆ ಬಿಟ್ಟುಬರಲು ಹೊರಟೆವು. ಕೊಲ್ಲಿಯ ಸೇತುವೆ ಹತ್ತುವವರೆಗೆ ತಡೆದುಕೊಂಡೆ.

"ನಾನು ಸ್ಕೂಟರು ಸ್ಕೂಟರು ಅಂತ ಊರಿಗೆಲ್ಲ ಹೇಳ್ತಿದ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ."

"ಒಂದು ಮಾತು ಹೇಳ್ಬಾರ್ದಿತ್ತಾ? ಮಾನ ಹೋಯ್ತಲ್ಲಮ್ಮ."

ಹಿಂದಿನ ಸೀಟಿನಲ್ಲಿ ಅವಳು ಕಿಟಕಿಯಾಚೆಯ ನೀರನ್ನೇ ನೋಡುತ್ತಿದ್ದಳು.

"ನನ್ನ ಕೆಲಸದ ವಿಷಯ ಬಂದ್ರೆ ಮನೇಲಿ ಎಲ್ರೂ ಮಾತು ಬದಲಾಯಿಸ್ತಾರೆ. ಅಪ್ಪನೂ 'ಏನೋ ಓದ್ತಾಳೆ' ಅಂದ್ಬಿಡೋರು. ನೀವೊಬ್ರೇ, ಬಂದೋರಿಗೆಲ್ಲ 'ನಮ್ಮ ಹುಡುಗಿ ನೋಡಿ' ಅಂತ ಹೇಳ್ತಿದ್ರಿ. ತಿದ್ದಿದ್ರೆ ಎಲ್ಲಿ ನಿಲ್ಲಿಸ್ಬಿಡ್ತೀರೋ ಅಂತ..."

ಕಾರು ಓಡಿಸುತ್ತಿದ್ದ ನನ್ನ ಹೆಂಡತಿ ರೇಡಿಯೋ ಆರಿಸಿದಳು. ಸಭೆಯಲ್ಲಿ ತಗ್ಗಿದ ತಲೆ ಸೇತುವೆ ದಾಟಿದರೂ ಏಳಲಿಲ್ಲ. ಕಾರಣ ಮಾತ್ರ ಬೇರೆಯಾಗಿತ್ತು. ಮುಂದಿನ ಭಾನುವಾರ ಅವಳು ಬರುವ ಮೊದಲು ಫ್ರೀಜರಿನ ಮೇಲಿನ ಖಾನೆ ಖಾಲಿ ಮಾಡಿಟ್ಟೆ.

ಈ ಸಂಕ್ರಾಂತಿಗೂ ಅವಳ ಮಾತಿದೆ. ಕರಡು ನಾನೇ ನೋಡಿದ್ದೇನೆ, ಓತ್ವ ಇದ್ದಲ್ಲೇ ಇದೆ. ಅಂದು ಎದ್ದು ಹೋದ ಇನ್ವೆಸ್ಟರುಗಳೇ, ಅಧ್ಯಕ್ಷರೇ, ಕಿಕ್ ಹುಡುಕಿದ ಹಿರಿಯರೇ, ನಿಮ್ಮಲ್ಲಿ ಯಾರು ಯಾವ ಕುರ್ಚಿಯಲ್ಲಿ ಕುಳಿತಿದ್ದಿರಿ ಎಂಬುದು ನನಗೆ ನೆನಪಿದೆ. ನಿಮಗೆ ನನ್ನದೊಂದೇ ಪ್ರಶ್ನೆ: ಈ ಸಲವೂ ನಿಮಗೆ ಅಷ್ಟು ಬೇಗ ಹಸಿವಾಗುತ್ತದೆಯೇ?