ಕೊಟ್ರಬಸಪ್ಪನವರ ಹಿಂಜರಿಯದ ಜೀಪು

ಶಿವಮೊಗ್ಗದ ಗಾಂಧಿ ಬಜಾರಿನ ಬೆಲ್ಲದ ವ್ಯಾಪಾರಿ ಕೊಟ್ರಬಸಪ್ಪನವರು ಜೀಪನ್ನು ಹಿಂದಕ್ಕೆ ಓಡಿಸಿದ್ದನ್ನು ಕಂಡವರಿಲ್ಲ. ಸಂದಿಯಲ್ಲಿ ಲಾರಿ ಎದುರಾದರೆ ಲಾರಿಯೇ ಸರಿಯಬೇಕು. ಮದುವೆ ದಿಬ್ಬಣ ಎದುರಾದರೆ ದಿಬ್ಬಣವೇ ಹಿಂದೆ ಹಿಂದೆ ನಡೆದು ಛತ್ರ ಸೇರಬೇಕು. ಸಕ್ರೆಬೈಲಿನಲ್ಲಿ ಸಾಕ್ಷಾತ್ ಆನೆಯೇ ಹಿಂದೆ ಸರಿದು ದಾರಿ ಬಿಟ್ಟಿತೆಂಬ ಕತೆ ಶಿವಮೊಗ್ಗದಲ್ಲಿ ಹುಟ್ಟಿ, ಭದ್ರಾವತಿ ಮುಟ್ಟುವಷ್ಟರಲ್ಲಿ ಆನೆ ಸೊಂಡಿಲೆತ್ತಿ ನಮಸ್ಕಾರವನ್ನೂ ಮಾಡಿತ್ತು.

ಅಂಥ ಜೀಪು ಈಗ ಭದ್ರಾವತಿಯ ಸರ್ಕಾರಿ ಕಚೇರಿಯೊಂದರ ಅಂಗಳದಲ್ಲಿ ಸರಪಳಿ ಬಿಗಿಸಿಕೊಂಡು ನಿಂತಿತ್ತು. ರಸ್ತೆ ಬಿಟ್ಟು ಕಾಡುಮೇಡು ಅಲೆಯುವ ಗಾಡಿಗಳು ಬೇರೆ ನೋಂದಣಿ ಮಾಡಿಸಿ ವರ್ಷ ವರ್ಷ ಶುಲ್ಕ ಕಟ್ಟಬೇಕು, ಇಲ್ಲವಾದರೆ ಜಪ್ತಿ. ಇದು ಹೊಸ ಕಾಯ್ದೆ. ಗುಮಾಸ್ತೆ ಜಯಾಳ ಮೇಜನ್ನು ಕೊಟ್ರಬಸಪ್ಪನವರು ಗುದ್ದುತ್ತಿದ್ದರು. ಬೆನ್ನಿಗೆ ಬಾಲ್ಯಸ್ನೇಹಿತ ಪುಟ್ಟಯ್ಯ.

“ಆಫ್ ರೋಡ್ ಅಂತ ನೀವೇ ಬರೆದಿದೀರಲ್ಲಮ್ಮ! ಮತ್ತೆ ಪೂರ್ತಿ ಯಾಕೆ ಕೇಳ್ತೀರಿ? ಅರ್ಧ ತಗೊಳ್ಳಿ!”

“ಯಜಮಾನ್ರೇ, ಆಫ್ ಅಂದ್ರೆ ಅರ್ಧ ಅಲ್ಲ.”

“ಬಸ್ಸಲ್ಲಿ ಆಫ್ ಟಿಕೆಟ್ ಅಂದ್ರೆ ಅರ್ಧ. ಹೋಟ್ಲಲ್ಲಿ ಆಫ್ ಟೀ ಅಂದ್ರೆ ಅರ್ಧ. ನಿಮ್ಮ ಆಫೀಸಿಗೆ ಬಂದ ತಕ್ಷಣ ಪೂರ್ತಿ ಆಗೋಯ್ತಾ?”

“ಅದು ಹಾಫ್, ಇದು ಆಫ್. ಹಕಾರ ಯಜಮಾನ್ರೇ, ಹಕಾರ!”

“ಹಕಾರಕ್ಕೂ ಶುಲ್ಕ ಹಾಕಿದ್ರಾ?”

“ಹಾಕ್ತಾರೆ ಕೊಟ್ರಪ್ಪ,” ಎಂದ ಪುಟ್ಟಯ್ಯ. “ಇವರನ್ನ ನಂಬೋ ಹಾಗಿಲ್ಲ.”

ಜಯಾ ಉಸಿರು ಬಿಟ್ಟಳು. “ರಸ್ತೆ ಬಿಟ್ಟು ಓಡೋ ಗಾಡಿ ಅಂತ ಅರ್ಥ.”

“ನಾವೆಲ್ಲಿ ರಸ್ತೆ ಬಿಟ್ವಿ? ನಮ್ಮ ಬೀದೀಲಿ ರಸ್ತೇನೇ ನಮ್ಮನ್ನ ಬಿಟ್ಟು ಹೋಗಿದೆ!”

“ಬಾನೆಟ್ ತನಕ ಕೆಸರಿದೆಯಲ್ಲ?”

“ಅದು ಮನೆ ಮುಂದಿನದು. ಅಪ್ಪಟ ಹೊಸಮನೆ ಬಡಾವಣೆ ಮಾಲು. ಅಲ್ಲಮ್ಮ, ಈ ಶುಲ್ಕದ ದುಡ್ಡಲ್ಲಿ ಏನ್ಮಾಡ್ತೀರಿ?”

“ಜೀಪಿನೋರಿಗೆ ಅಂತಲೇ ಕಾಡಂಚಲ್ಲಿ ದಾರಿ ಮಾಡ್ತಾರೆ. ಕಲ್ಲು, ಗುಂಡಿ, ಕೆಸರು ಎಲ್ಲ ಇರುತ್ತೆ.”

“ಕೇಳಿದ್ಯೇನೋ ಪುಟ್ಟ? ದುಡ್ಡು ಎತ್ತಿ ಗುಂಡಿ ತೋಡ್ತಾರಂತೆ! ನಮ್ಮ ಬೀದಿನೇ ತಗೊಳ್ಳಿ ಅನ್ನು. ಎಲ್ಲ ರೆಡಿ ಇದೆ, ಪುಕ್ಕಟೆ!”

ಜಯಾಗೆ ನಗು ತಡೆಯಲಾಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು.

“ಹೋಗ್ಲಿ ಬಿಡಿ. ಯಾವತ್ತೂ ರಸ್ತೆ ಬಿಟ್ಟು ಇಳಿದಿಲ್ಲ ಅಂತ ಹೇಳಿಬಿಡಿ. ಸರಪಳಿ ಬಿಚ್ಚಿಸ್ತೀನಿ.”

ಕೊಟ್ರಬಸಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಪುಟ್ಟಯ್ಯನ ನಾಲಿಗೆ ತುರಿಸಿತು.

“ಏನು ಇಳಿದಿಲ್ಲ? ಮೇಡಮ್ಮೋರೇ, ಇವನು ಯಾರು ಅಂದ್ಕೊಂಡ್ರಿ? ಸಕ್ರೆಬೈಲಲ್ಲಿ ರಸ್ತೆ ಬಿಟ್ಟು ಸೀದಾ ಹೊಳೆ ದಡಕ್ಕೆ ನುಗ್ಗಿಸಿದ ಗಂಡು! ಎದುರಿಗೆ ಆನೆ. ಇವನು ಸರಿದ್ನಾ? ಇಲ್ಲ! ಆನೆ ಸರೀತು!”

“ಬಾಯಿ ಮುಚ್ಚೋ ಮಾರಾಯ!”

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

“ಓ, ಆನೆ ಜೀಪು ಇದೇನಾ? ಬೇಕಂತಲೇ ಇಳಿಸಿದ ಮೇಲೆ ಮಾತೇ ಇಲ್ಲ. ಆಫ್ ರೋಡೇ.”

“ಬೇಕಂತ ಅಲ್ಲಮ್ಮ. ತಿರುವು ತಪ್ಪಿತು, ಅಷ್ಟೇ.”

“ತಪ್ಪಿದ್ರೆ ವಾಪಸ್ ಬರಬೇಕಿತ್ತು. ಆನೆ ಕಂಡ್ಮೇಲೂ ಹಿಂದೆ ಸರೀಲಿಲ್ವಲ್ಲ, ಯಾಕೆ?”

ಪುಟ್ಟಯ್ಯ ಎದೆಯುಬ್ಬಿಸಿ ಉತ್ತರಕ್ಕೆ ಕಾದ. ಕೊಟ್ರಬಸಪ್ಪನವರಿಗೆ ಒಂದು ಕಡೆ ಎರಡು ಊರು ಕೊಂಡಾಡಿದ ಕೀರ್ತಿ, ಇನ್ನೊಂದು ಕಡೆ ಕಿಟಕಿಯಾಚೆ ಸರಪಳಿ ತೊಟ್ಟ ಜೀಪು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ರಿವರ್ಸ್ ಗೇರ್ ಬೀಳಲ್ಲಮ್ಮ.”